ತಾಟಿನ ಅರ್ಧ

ಭುವನಾ,

ಫೋನು ಮಾಡಿದರೆ ಸಿಗುವಷ್ಟು ಹತ್ತಿರ ಇದ್ದೀಯ, ಆದರೂ ಈ ಪತ್ರವನ್ನು ನಿನಗೆ ಕಳಿಸುವುದಿಲ್ಲ.

ನಿನ್ನೆ ಎಳ್ಳಮವಾಸ್ಯೆಗೆ ಶಿರಗುಪ್ಪಿಯ ನಮ್ಮ ಹೊಲದಲ್ಲಿ ಭೂತಾಯಿಗೆ ನೈವೇದ್ಯದ ಚರಗ ಚೆಲ್ಲಿ ಊಟಕ್ಕೆ ಕೂತಾಗ, ನೀನು ನನ್ನ ನಾದಿನಿ ಸುಮಲತಾಳನ್ನು ಕರೆದು ನಿನ್ನ ತಾಟಿನಲ್ಲೇ ಉಣ್ಣಿಸಿದೆ. "ನಾಚ್ಕೋಬ್ಯಾಡ, ಇನ್ನೊಂದು ಹೋಳಿಗಿ ತಗೋ" ಅಂದೆ. ಅದು ನೀನು ನನಗೆ ಹೇಳುತ್ತಿದ್ದ ಮಾತು. ಶಾಲೆಯ ಕಾಲದಿಂದಲೂ ಆ ತಾಟಿನ ಅರ್ಧ ನನ್ನದು.

ನನ್ನೆದುರು ಮಾತ್ರ ನೀನು ಮೊಸರು, ಮೊಳಕೆ ಬಂದ ಹೆಸರುಕಾಳಿನ ಸಣ್ಣ ಬಟ್ಟಲು ಇಟ್ಟೆ. "ತೂಕ ಇಳಸಾಕ ಹೊಟ್ಟಿ ಆಪರೇಷನ್ ಮಾಡಿಸ್ಕೊಂಡೀ, ನಿನಗ ಇದ ಛಲೋ." ಡಾಕ್ಟರೂ ಅದನ್ನೇ ಹೇಳಿದ್ದಾರೆ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಎಲ್ಲರೂ ಎದ್ದ ಮೇಲೆ ನಾನು ನಿಮ್ಮಿಬ್ಬರ ತಾಟಿನಲ್ಲಿ ಉಳಿದಿದ್ದ ಹೋಳಿಗೆಯ ತುಣುಕನ್ನು ಅಗಿಯದೆ ನುಂಗಿದೆ. ಹೊಟ್ಟೆ ಒಪ್ಪಲಿಲ್ಲ. ಬದುವಿನ ಆಚೆ ಹೋಗಿ ಕಾರಿಕೊಂಡೆ.

ಕಾರಿದ್ದು ಮುಗಿದರೂ, ನೀನು ಬಂದು ಬೆನ್ನು ಸವರುತ್ತೀಯೆಂದು ಬಗ್ಗಿಯೇ ನಿಂತಿದ್ದೆ.