ತಿರುಗಿಸಿದ ಮೇಲೆ ಸುಮ್ಮನಿರುವುದು

ಸ್ನೀಕ್,
೧೪ ಅಕ್ಟೋಬರ್ ೧೯೬೪

ಪ್ರೀತಿಯ ರೆನ್ಸ್ಕೆ ಅಕ್ಕ,

ಅಕ್ಷರ ಸೊಟ್ಟಗಿದೆ, ತಪ್ಪುಗಳೂ ಬಹಳ ಇವೆ, ಬೇಸರಿಸಬೇಡ. ಪ್ರಾಥಮಿಕ ಶಾಲೆ ಬಿಟ್ಟ ಮೇಲೆ ನನ್ನ ಕೈ ಹಿಡಿದದ್ದು ಪೆನ್ನಲ್ಲ, ದೋಣಿಯ ಹಗ್ಗ. ಆದರೂ ಪೂರ್ತಿ ಓದು. ಇದು ಜಗಳದ ಕಾಗದ.

ಪೆಟ್ಟಾದ ಅಪ್ಪನ ಭುಜ ಇನ್ನು ನಮ್ಮ ಸರಕು ದೋಣಿಯ ಚುಕ್ಕಾಣಿ ತಿರುಗಿಸುವಷ್ಟು ಗಟ್ಟಿಯಾಗುವುದಿಲ್ಲವಂತೆ. ನೀನು ಅಮ್ಮನಿಗೆ ಬರೆದದ್ದನ್ನು ಓದಿದೆ. ಚಿಕ್ಕಪ್ಪನ ಮಗ ವೀಬೆ ದೋಣಿ ನಡೆಸಲಿ, ತಂಗಿ ಸೀಟ್ಸ್ಕೆ ದೋಣಿ ಬಿಟ್ಟು ನಾನಿರುವ ಊರಿಗೆ ಬಂದು ನನ್ನ ಜೊತೆ ಬಟ್ಟೆ ಇಸ್ತ್ರಿ ಮಾಡಲಿ, ಅವಳು ಒಂದು ತಿರುವಿಗೆ ನೂರು ಸಲ ಯೋಚಿಸುತ್ತಾಳೆ ಅಂತ. ನನಗೆಂದು ಕಳಿಸಿದ ಪುಸ್ತಕವನ್ನೂ ಓದಿದೆ, ಅತಿಯಾದ ಯೋಚನೆ ಬಿಡುವುದು ಹೇಗೆ ಎಂದು ಹೇಳುವ ಪುಸ್ತಕ.

ನೂರು ಸಲ ಯೋಚಿಸುವುದು ನಿಜ. ಪುಸ್ತಕ ಹೇಳಿದಂತೆ ಕನ್ನಡಿಯ ಮುಂದೆ ನಿಂತು, ನಾನು ಧೈರ್ಯವಂತೆ ಎಂದೆ. ಒಲೆಯ ಹತ್ತಿರ ಈರುಳ್ಳಿ ಹೆಚ್ಚುತ್ತಿದ್ದ ಅಮ್ಮ, "ಯಾರಿಗೆ ಹೇಳ್ತಿದೀಯೇ, ಈರುಳ್ಳಿಗಾ?" ಅಂದಳು. ಚಿಂತೆಗೆಂದೇ ಸಂಜೆ ಒಂದು ಹೊತ್ತು ಇಟ್ಟುಕೋ ಎಂದು ಪುಸ್ತಕದಲ್ಲಿತ್ತು. ಆ ಹೊತ್ತಿಗೆ ಕುಳಿತರೆ ಒಂದು ಚಿಂತೆಯೂ ಬರಲಿಲ್ಲ. ಆಲೂಗಡ್ಡೆ ಸುಲಿಯಲು ಎದ್ದೆ, ಎಲ್ಲವೂ ಒಟ್ಟಿಗೆ ಬಂದವು.

ಒಂದು ಮಾತು ಮಾತ್ರ ಉಪಯೋಗಕ್ಕೆ ಬಂತು. ಹೆದರಿಕೆ ಹೋಗಲೆಂದು ಕಾಯಬೇಡ, ಅದನ್ನು ಜೊತೆಗಿಟ್ಟುಕೊಂಡೇ ಕೆಲಸ ಶುರುಮಾಡು ಎಂಬ ಮಾತು. ಅದಕ್ಕೆ ನಿನಗೆ ಋಣಿ. ಅದನ್ನೋದಿದ ಮರುದಿನವೇ ಸಕ್ಕರೆ ಕಾರ್ಖಾನೆಗೆ ಸಕ್ಕರೆ ಬೀಟ್ ಗೆಡ್ಡೆ ತುಂಬಿ ಹೊರಟಾಗ ಅಪ್ಪನನ್ನು ಕೇಳಿ ಚುಕ್ಕಾಣಿ ಹಿಡಿದೆ.

ಸೇತುವೆ ಕಾಣುತ್ತಲೇ ಎಡಕ್ಕೆ ತಿರುಗಿಸಿದೆ. ಜಾಸ್ತಿಯಾಯಿತೇನೋ ಎಂದು ಬಲಕ್ಕೆ, ಮತ್ತೆ ಎಡಕ್ಕೆ. ದೋಣಿ ಕಾಲುವೆಯಲ್ಲಿ ಡೊಂಕಾಗಿ ಹರಿದಾಡಿತು. ಸೇತುವೆ ಕಾಯುವವನು ಮೇಲಿಂದ, "ಏನಮ್ಮಾ, ಎರಡೂ ದಡ ಗುಡಿಸ್ಕೊಂಡು ಬರ್ತಿದೀಯಾ?" ಎಂದು ಕೂಗಿದ. ಅಪ್ಪ ಚುಕ್ಕಾಣಿ ಕಿತ್ತುಕೊಳ್ಳಲಿಲ್ಲ. "ಒಂದ್ಸಲ ತಿರುಗಿಸ್ದೆಯಲ್ಲ ಮಗಳೇ, ಇನ್ನು ಸುಮ್ನಿರು. ದೋಣಿ ಇಷ್ಟು ಭಾರ ಹೊತ್ತಿದೆ, ನಿನ್ನ ಮಾತು ಅದಕ್ಕೆ ಮುಟ್ಟೋಕೆ ಹೊತ್ತು ಬೇಡ್ವಾ?" ಅಂದರು.

ಚುಕ್ಕಾಣಿ ಅಲ್ಲಾಡಿಸದೆ ಹಿಡಿದು ನಿಂತೆ. ಅಷ್ಟು ಕಷ್ಟದ ಕೆಲಸ ನಾನು ಬೇರೆ ಮಾಡಿಲ್ಲ. ದೋಣಿಯ ಮೂತಿ ನಿಧಾನವಾಗಿ ಹೊರಳಿತು, ಸೇತುವೆಯ ಕಲ್ಲು ಪಕ್ಕದಲ್ಲೇ ಸರಿದು ಹೋಯಿತು.

ಆದ್ದರಿಂದ ಅಕ್ಕ, ಯೋಚಿಸುವುದನ್ನು ನಾನು ಬಿಡುವುದಿಲ್ಲ. ತಿರುವಿಗೆ ಎಷ್ಟೋ ಮೊದಲೇ ಯೋಚಿಸಬೇಕು, ತುಂಬಿದ ದೋಣಿ ಅದನ್ನೇ ಕೇಳುತ್ತದೆ. ತಿರುಗಿಸಿದ ಮೇಲೆ ಮಾತ್ರ ಬಾಯಿ ಮುಚ್ಚಿಕೊಳ್ಳಲು ಕಲಿಯುತ್ತೇನೆ. ಇಸ್ತ್ರಿ ಕೆಲಸಕ್ಕೆ ಬೇರೆ ಹುಡುಗಿಯನ್ನು ನೋಡಿಕೋ. ವೀಬೆಯನ್ನು ನಾಳೆಯೇ ಬರಹೇಳಿದ್ದೀಯಂತೆ, ನನ್ನನ್ನು ಒಂದು ಮಾತೂ ಕೇಳದೆ. ಬರಲಿ. ಚುಕ್ಕಾಣಿ ನನ್ನದು ಎಂದು ಅವನ ಮುಖಕ್ಕೇ ಹೇಳುತ್ತೇನೆ.

ಸಿಟ್ಟು ಇರುವಷ್ಟೇ ಪ್ರೀತಿಯೂ ಇರುವ ನಿನ್ನ ತಂಗಿ,
ಸೀಟ್ಸ್ಕೆ

ಮರುದಿನ ಸೇರಿಸಿದ್ದು: ಹೇಳಲಾಗಲಿಲ್ಲ. ಬೆಳಿಗ್ಗೆ ವೀಬೆ ಚೀಲ ಹಿಡಿದು ದಡದಲ್ಲಿ ನಿಂತಿದ್ದ. ಬಿಸಿ ಕಾಫಿ ಕೊಟ್ಟೆ, ಕುಡಿದ. ಅಪ್ಪ ದೋಣಿಯಿಂದ ನನ್ನನ್ನೇ ನೋಡುತ್ತಿದ್ದರು. ಖಾಲಿ ಲೋಟ ಇಸಿದುಕೊಂಡು ದೋಣಿ ಹತ್ತಿದೆ, ಅವನನ್ನು ದಡದಲ್ಲೇ ಬಿಟ್ಟು ಹಗ್ಗ ಬಿಚ್ಚಿದೆ, ಚುಕ್ಕಾಣಿ ಹಿಡಿದೆ.