ಸೋಪಿನ ಪುಡಿಯ ತೂಕ

ತಮ್ಮಾ,

ಈ ಕಾಗದವನ್ನು ನಿನಗಿಂತ ಮೊದಲು ಒಡೆದು ಓದುವ ಜೈಲಿನ ಸಾಹೇಬರಿಗೂ ನಮಸ್ಕಾರ. ಸಾಹೇಬರೇ, ಇದರೊಳಗೆ ಏನೂ ಅಡಗಿಸಿಲ್ಲ, ಬೇಕಾದರೆ ಕೊಡವಿ ನೋಡಿ. ತಪ್ಪು ತಿಳಿಯಬೇಡಿ, ನನ್ನದೂ ಅದೇ ಕಸುಬು. ಬಟ್ಟೆ ಒಗೆದುಕೊಡುವ ಅಂಗಡಿ ನಮ್ಮದು. ಯಾರ ಅಂಗಿಯೇ ಬರಲಿ, ಜೇಬು ತಡಕದೆ ನೀರಿಗೆ ಹಾಕುವವಳಲ್ಲ ನಾನು.

ತಮ್ಮಾ, ನಿನ್ನೆ ಕೋರ್ಟಿಗೆ ಹೋಗಿದ್ದೆ. ಅಲ್ಲಿ ಏನಾಯಿತೆಂದು ವಕೀಲಮ್ಮ ಬಣ್ಣ ಕಟ್ಟಿ ಹೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ.

ವಕೀಲಮ್ಮ ಅಂದರೆ ಇನ್ನೂ ಹುಡುಗಿ, ಮೊದಲ ಸಲ ಅಂಗಡಿಗೆ ಬಂದಾಗ ಕೂತುಕೋ ಎಂದೂ ನಾನು ಹೇಳಲಿಲ್ಲ. 'ಕಾನೂನು ಬದಲಾಗಿದೆ ಅಕ್ಕಾ. ಯಾರ ಮೇಲೂ ಕೈ ಮಾಡದೆ, ಬರೀ ಮಾದಕ ವಸ್ತು ಕೇಸಲ್ಲಿ ಒಳಗಿರೋರ ಶಿಕ್ಷೆನ ಮತ್ತೆ ನೋಡ್ತಾರೆ' ಎಂದಳು. ನಾನು ಇಸ್ತ್ರಿಪೆಟ್ಟಿಗೆ ಕೆಳಗಿಡದೆ, 'ಯಾಕೆ, ಜೈಲಲ್ಲಿ ಜಾಗ ಸಾಲ್ತಾ ಇಲ್ವಾ?' ಎಂದೆ. ಅವಳು ನಕ್ಕು, 'ಅದೂ ಒಂದು ಕಾರಣ' ಎಂದಳು. ಆ ಮಾತಿಗೆ ಅವಳಿಗೆ ಕುರ್ಚಿ ಕೊಟ್ಟೆ.

ನಿನ್ನನ್ನು ಹಿಡಿದುಕೊಂಡು ಹೋದ ದಿನ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಪೊಲೀಸರು ಬಾಗಿಲಿಗೆ ಬಂದದ್ದೇ ತಡ, ನೀನು ಹೆದರಿ ಅಂಗೈಯಗಲದ ಆ ಪೊಟ್ಟಣವನ್ನು ಸೋಪಿನ ಪುಡಿಯ ಡ್ರಮ್ಮಿಗೆ ಸುರಿದು ಕೈಯಿಂದ ಕಲಸಿಬಿಟ್ಟೆ. ಬಿಳಿಯಲ್ಲಿ ಬಿಳಿ ಸೇರಿದರೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ ನೀನು. ಬಟ್ಟೆ ಒಗೆಯುವವರ ಮನೆಯ ಹುಡುಗನಿಗಲ್ಲದೆ ಇನ್ಯಾರಿಗೆ ಹೊಳೆಯಬೇಕು ಈ ಬುದ್ಧಿ? ಅವರು ಡ್ರಮ್ಮನ್ನೇ ಹೊತ್ತುಕೊಂಡು ಹೋದರು. ಬೆರೆತದ್ದೆಲ್ಲವೂ ಮಾದಕ ವಸ್ತುವೇ ಎನ್ನುವುದು ಆಗಿನ ಕಾನೂನಂತೆ. ಪುಡಿಯನ್ನೂ ಸೇರಿಸಿ ತೂಗಿದರು, ತೂಕಕ್ಕೆ ತಕ್ಕ ಹಾಗೆ ಹನ್ನೆರಡು ವರ್ಷ ಹಾಕಿದರು. ಪಕ್ಕದ ಬೀದಿಯಲ್ಲಿ ಸ್ವಂತ ಅಣ್ಣನ ತಲೆ ಒಡೆದವನು ಎರಡೇ ವರ್ಷಕ್ಕೆ ಹೊರಗೆ ಬಂದ. ಈಗ ವಾರ ವಾರವೂ ನನ್ನ ಹತ್ತಿರವೇ ಅಂಗಿಗೆ ಗಂಜಿ ಹಾಕಿಸಿಕೊಂಡು ಹೋಗುತ್ತಾನೆ. ಅಂದು ಪುಡಿ ಸೇರಿಸಿ ತೂಗಿದವರೇ ಇಂದು 'ಪುಡಿ ಬಿಟ್ಟು ತೂಗೋಣ' ಎಂದರೆ ಹೇಗೆ ನಂಬಲಿ, ನೀನೇ ಹೇಳು.

ಹಾಗೆಂದು ನೀನು ಸಾಚಾ ಎಂದು ನಾನೆಲ್ಲೂ ಹೇಳಿಲ್ಲ. 'ಸ್ನೇಹಿತ ಇಟ್ಕೊಂಡಿರು ಅಂದ, ಇಟ್ಕೊಂಡೆ ಅಕ್ಕಾ' ಎಂದೆ ನೀನು. ಯಾವ ಸ್ನೇಹಿತ ಎಂದು ನಾನು ಕೇಳಿದರೆ ನೆಲ ನೋಡಿದೆ. ಚಿಕ್ಕಂದಿನಲ್ಲಿ ಸಕ್ಕರೆ ಡಬ್ಬಿ ಖಾಲಿಯಾದಾಗಲೂ ನೀನು ನೋಡುತ್ತಿದ್ದದ್ದು ನೆಲವನ್ನೇ. ಈಚೆಗೆ ನೀನು ಬರೆಯುವ ಕಾಗದಗಳೂ ನನಗೆ ಹಿಡಿಸುತ್ತಿಲ್ಲ. 'ಪೂಜ್ಯ ಅಕ್ಕನವರೇ, ನಾನು ಸಂಪೂರ್ಣ ಬದಲಾಗಿದ್ದೇನೆ' ಅಂತೆ! ನನ್ನನ್ನು 'ಏ ಗೂಬೆ' ಎಂದು ಕೂಗುತ್ತಿದ್ದ ಬಾಯಿಗೆ ಈ ಪೂಜ್ಯ ಎಲ್ಲಿಂದ ಬಂತು? ಯಾರು ಹೇಳಿ ಬರೆಸಿದರೋ ಎಂದು ಕಾಗದವನ್ನು ಮಗುಚಿ ಮಗುಚಿ ನೋಡಿದೆ. ಆಮೇಲೆ ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ.

ಹೊಸ ಕಾನೂನಿನಲ್ಲೂ ಮನೆಯವರೊಬ್ಬರು ನಿನ್ನ ಜವಾಬ್ದಾರಿ ಹೊರಬೇಕಂತೆ. ದಾರಿಯುದ್ದಕ್ಕೂ ವಕೀಲಮ್ಮ ಪಾಠ ಹೇಳಿಕೊಟ್ಟಳು: 'ತಮ್ಮನ ಮೇಲೆ ಪೂರ್ತಿ ನಂಬಿಕೆ ಇದೆ ಅನ್ನಿ ಅಕ್ಕಾ. ಮನೆಯವರೇ ನಂಬದಿದ್ರೆ ಜಡ್ಜ್ ಬಿಡಲ್ಲ.' ನಿನ್ನ ಭಾವನಂತೂ, 'ಒಂದ್ಮಾತು ಹಾಗಂದ್ರೆ ನಿನ್ನ ಗಂಟೇನು ಹೋಗತ್ತೆ?' ಎಂದು ಬೆಳಗ್ಗೆಯೇ ರೇಗಿದ್ದರು. ನಾನೂ ಹೇಳಬೇಕೆಂದೇ ಹೋಗಿದ್ದೆ, ನಿನ್ನಾಣೆ.

ಜಡ್ಜ್ ಕನ್ನಡಕದ ಮೇಲಿಂದ ನೋಡಿ, 'ನಿಮ್ಮ ತಮ್ಮನ ಮೇಲೆ ನಿಮಗೆ ನಂಬಿಕೆ ಇದೆಯೇನಮ್ಮಾ?' ಎಂದರು. ಬಾಯಿಪಾಠ ಮಾಡಿದ್ದು ಒಂದಕ್ಷರವೂ ಬರಲಿಲ್ಲ. 'ಇಲ್ಲ ಸಾರ್' ಎಂದುಬಿಟ್ಟೆ. ವಕೀಲಮ್ಮ ಹಣೆ ಹಣೆ ಚಚ್ಚಿಕೊಂಡಳು. 'ಮತ್ತೆ ಇಲ್ಲಿಗೆ ಯಾಕೆ ಬಂದಿರಿ?' ಎಂದು ಜಡ್ಜ್ ಕೇಳಿದರು. ಎಲ್ಲಿತ್ತೋ ಧೈರ್ಯ, ಒಂದೇ ಉಸಿರಿಗೆ ಹೇಳಿದೆ.

'ಅವನು ಬಂದ್ರೆ ದಿನಾ ಜೇಬು ತಡಕ್ತೀನಿ ಸಾರ್. ಎಲ್ಲಿಗೆ ಹೋಗಿದ್ದೆ, ಯಾರ ಜೊತೆ ಹೋಗಿದ್ದೆ ಅಂತ ಪ್ರಾಣ ತಿಂತೀನಿ. ಅವನ ಮೇಲೆ ಅನುಮಾನ ಪಡೋಕೆ ನಾನೊಬ್ಳು ಸಾಕು, ಅಷ್ಟು ದೊಡ್ಡ ಜೈಲು ಯಾಕೆ? ಅವನು ಮಾಡಿದ ತಪ್ಪಿಗೆ ಇಷ್ಟು ವರ್ಷ ಅನುಭವಿಸಿದ್ದಾನೆ. ಇನ್ನು ಉಳಿದಿರೋದು ಸೋಪಿನ ಪುಡಿಗೆ ಸಾರ್. ಆ ಪುಡಿ ನಂದು.'

ಹಿಂದೆ ಯಾರೋ ಕಿಸಕ್ಕೆಂದರು. ಜಡ್ಜ್ ನಗಲಿಲ್ಲ. ತಲೆ ತಗ್ಗಿಸಿ ಬಹಳ ಹೊತ್ತು ಬರೆದರು, ಆಮೇಲೆ ಓದಿದರು. 'ಈವರೆಗೆ ಅನುಭವಿಸಿದ ಶಿಕ್ಷೆ ಸಾಕು' ಎಂದದ್ದಷ್ಟೇ ನನ್ನ ಕಿವಿಗೆ ಬಿತ್ತು. ಮೊದಲು ಅದನ್ನೂ ನಂಬಲಿಲ್ಲ. ವಕೀಲಮ್ಮನ ಕೈಯಿಂದ ಮೂರು ಸಲ ಹೇಳಿಸಿದ ಮೇಲೆ ಅಲ್ಲೇ ಬೆಂಚಿನ ಮೇಲೆ ಕೂತೆ.

ಬರುವ ಸೋಮವಾರ ನಿನ್ನನ್ನು ಬಿಡುತ್ತಾರಂತೆ. 'ನೀವು ಬರೋದು ಬೇಡ ಅಕ್ಕಾ, ಅಂಗಡಿಗೇ ತಂದು ಬಿಡ್ತೀನಿ' ಎಂದಳು ವಕೀಲಮ್ಮ. ಹೂಂ ಎಂದಿದ್ದೇನೆ. ಆದರೆ ನಾನು ಇವರಲ್ಲಿ ಯಾರನ್ನೂ ನಂಬುವುದಿಲ್ಲ, ನಿನ್ನನ್ನಂತೂ ಮೊದಲೇ ಇಲ್ಲ. ಅದಕ್ಕೇ ಭಾನುವಾರವೇ ಬಂದು ಗೇಟಿನ ಮುಂದೆ ಕೂತಿರುತ್ತೇನೆ.

ಅಲ್ಲಿಯವರೆಗೆ ಯಾರು ಏನು ಕೊಟ್ಟರೂ ಕೈಯಲ್ಲಿ ಮುಟ್ಟಬೇಡ. ನಿನ್ನ ಆಯಸ್ಸು ಗಟ್ಟಿಯಾಗಿರಲಿ. ಅದರ ಒಂದು ದಿನವೂ ಇನ್ನು ಆ ಗೋಡೆಗಳ ಪಾಲಾಗದಿರಲಿ.

ನಿನ್ನ ಅಕ್ಕ