ಅಜ್ಜನನ್ನು ಬೆಟ್ಟದೊಳಗೆ ಇಳಿಸಿದ್ದು

ನಾರಿನ್, ಮಾರ್ಚ್ ೧೨

ಪ್ರೀತಿಯ ಬುರುಲ್,

ಹೇಗಿದ್ದೀ? ಕೆಮ್ಮು ಹೋಯಿತೋ, ಇನ್ನೂ ಟೋಪಿ ಇಲ್ಲದೆ ತಿರುಗುತ್ತಿದ್ದೀಯೋ? ಬಿಷ್ಕೆಕ್‌ನಲ್ಲಿ ಮರ ಚಿಗುರಿದ ಮಾತ್ರಕ್ಕೆ ಚಳಿ ಸತ್ತುಹೋಗುವುದಿಲ್ಲ. ಕುರಿಬಾಲದ ಕೊಬ್ಬು ಕಳಿಸಿದ್ದೇನೆ, ಬಿಸಿ ಹಾಲಿಗೆ ಹಾಕಿ ಕುಡಿ, ಮೂಗು ಮುರಿಯಬೇಡ. ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀ, ಅದಕ್ಕೇ ಈ ಕಾಗದ.

ಅಜ್ಜನ ವಿಷಯ ಹೇಳಬೇಕು. ಪಾರ್ಶ್ವವಾಯು ಹೊಡೆದ ಮೇಲೆ ಆ ಮುದುಕ ಗೋಡೆಗೆ ಮುಖ ಮಾಡಿ ಮಲಗಿದ್ದು ನೀನೇ ನೋಡಿದ್ದೀ. ಬಲಗೈ ಆಡಿಸಬಲ್ಲ, ಎದ್ದು ನಿಲ್ಲಲೂಬಲ್ಲ, ಮನಸ್ಸು ಮಾಡುತ್ತಿಲ್ಲ, ಹೀಗೇ ಬಿಟ್ಟರೆ ಮಂಚವೇ ಗತಿ ಅಂದಳು ಡಾಕ್ಟರಮ್ಮ. ನಾನು ಬೈದೆ, ಕೇಳಲಿಲ್ಲ. ನೀನು ಬಿಟ್ಟುಹೋದ ಕಂಪ್ಯೂಟರಿನಲ್ಲಿ ವಿಮಾನದ ಆಟ ಹಾಕಿಕೊಟ್ಟೆ. ಅದು ಯಾವುದೋ ಸಮುದ್ರದ ದಂಡೆಯಲ್ಲಿ ಶುರುವಾಯಿತು. ಈ ಬೆಟ್ಟಗಳ ಮೇಲೆ ಅಂಚೆ ವಿಮಾನ ಹಾರಿಸಿದವನಿಗೆ ಸಮುದ್ರ ಯಾಕೆ? ಮತ್ತೆ ಗೋಡೆಗೆ ತಿರುಗಿದ.

ಏಳನೇ ಕ್ಲಾಸಿಗೇ ಕುರಿಗಳ ಹಿಂದೆ ಹೋದವಳು ನಾನು. ಆದರೂ ನೀನು ಬಾಯಿಪಾಠ ಮಾಡಿಸಿದ್ದು ಮರೆತಿಲ್ಲ. ಆಟಕ್ಕೆ ಅಪ್ಪಣೆ ಬರೆಯುವ ಆ ಕಪ್ಪು ಕಿಟಕಿಯನ್ನು ಪರದೆಯಲ್ಲಿ ತೆರೆದು, ಪ್ರತಿ ಮಾತಿಗೂ ಮೊದಲು ಎರಡು ಅಡ್ಡಗೆರೆ ಹಾಕಿ, ಒಂದೇ ಬೆರಳಲ್ಲಿ ಒತ್ತಿದೆ. ನಿಲ್ದಾಣ ನಮ್ಮ ನಾರಿನ್, ಹೊತ್ತು ಬೆಳಗು, ಗಾಳಿ ಪಡುವಣದಿಂದ, ಎತ್ತರ ಮೂರು ಸಾವಿರ. ಮೀಟರಿಗೂ ಒಂದು ಮಾತು ಸೇರಿಸಬೇಕು ಅಂದಿದ್ದೆಯಲ್ಲ, ಅದನ್ನು ಬೇಕೆಂದೇ ಬಿಟ್ಟೆ. ಎತ್ತರವನ್ನು ಮೀಟರಿನಲ್ಲಲ್ಲದೆ ಇನ್ಯಾವುದರಲ್ಲಿ ಅಳೆಯುತ್ತಾರೆ? ಎಂಟರ್ ಒತ್ತಿದರೆ ಪರದೆ ತುಂಬ ಬರೀ ಮಣ್ಣು. ವಿಮಾನ ಬೆಟ್ಟದ ಹೊಟ್ಟೆಯೊಳಗಿತ್ತು.

ಮುದುಕ ಕತ್ತು ತಿರುಗಿಸಿ ನೋಡಿದ. "ಇನ್ನೂ ಉಸಿರಾಡ್ತಾ ಇದ್ದೀನಿ ಕಣೇ. ಈಗ್ಲೇ ಹೂಳಿಬಿಟ್ಯಾ?" ಅಂದ. ಈ ಚಳಿಗಾಲವಿಡೀ ಚಹಾ ಬೇಕು, ಬೇಡ ಬಿಟ್ಟು ಬೇರೆ ಮಾತಾಡದವನು. ಆಮೇಲೆ ಒಂದೇ ಸಮನೆ ಬೈಗುಳ: ಆ ಆಟದ್ದು ಹೊರದೇಶದವರ ಅಡಿ ಲೆಕ್ಕ, ಮೂರು ಸಾವಿರ ಅಡಿಗಿಂತ ನಮ್ಮ ಊರೇ ಎತ್ತರದಲ್ಲಿದೆ, ಅಡಿಯಲ್ಲಿ ಹಾರಿದರೆ ನಮ್ಮ ಕಣಿವೆಯಲ್ಲಿ ಹೆಣವೇ ಸಿಗುವುದು, ಇಷ್ಟು ವರ್ಷ ಪೈಲಟ್ ಜೊತೆ ಬಾಳಿ ಕಲಿತದ್ದೇನು. ಬೈಯಲಿ ಅಂತ ಸುಮ್ಮನಿದ್ದೆ. ನಾನು ಸುಮ್ಮನಿದ್ದೆ ಅಂದರೆ ನೀನು ನಂಬುವುದಿಲ್ಲ.

ಮೀಟರಿನ ಮಾತು ಸೇರಿಸಿ ಮತ್ತೆ ಒತ್ತಿದೆ. ನಮ್ಮ ಬೆಟ್ಟಸಾಲು ಬಂತು ನೋಡು, ಹಿಮ ಹೊದ್ದುಕೊಂಡು. ಆಟದ ವಿಮಾನ ನಡೆಸುವ ಹಿಡಿಕೆ ಮುಟ್ಟುವ ಮೊದಲು ಆತ ಪ್ರಯಾಣಕ್ಕೆ ಹೊರಟವರು ಪ್ರಾರ್ಥಿಸುವಂತೆ ಎರಡೂ ಅಂಗೈ ಬಿಡಿಸಿ ಮುಖದ ಮೇಲೆ ಎಳೆದುಕೊಂಡು "ಓಮಿನ್" ಅಂದ. ಎರಡೂ ಕೈ, ಬುರುಲ್. ಬಲಗೈ ನಡುಗುತ್ತ ಗದ್ದದವರೆಗೆ ಬಂತು. ಆತನಿಗೆ ಅದು ಗೊತ್ತೇ ಆಗಲಿಲ್ಲ. ನಾನೂ ಹೇಳಲಿಲ್ಲ, ಹೇಳಿದರೆ ಹಟಕ್ಕೆ ನಿಲ್ಲಿಸಿಬಿಡುತ್ತಾನೆ.

ಸರಿ, ರೊಟ್ಟಿ ಸುಡಬೇಕು. ನಿನ್ನ ದಾರಿ ಬೆಳ್ಳಗಿರಲಿ, ತಲೆಯ ಮೇಲೆ ಟೋಪಿಯಿರಲಿ.

ನಿನ್ನ ಅಜ್ಜಿ,
ಬಾತ್ಮಾ

ತಾ.ಕ.: ನಾಳೆ ಆತನಿಗೆ ಆಟದಲ್ಲಿ ಹಿಮ ಬೀಳಬೇಕಂತೆ, ಬರೀ ಗಾಳಿ ಸಾಲದಂತೆ. ಅದಕ್ಕೆ ಯಾವ ಮಾತು ಒತ್ತಬೇಕೋ ಬೇಗ ತಿಳಿಸು. ನಾನು ಸರಿಯಾಗಿ ಬರೆಯುತ್ತಿದ್ದೇನೋ ಇಲ್ಲವೋ ಅಂತ ಬೆನ್ನ ಹಿಂದೆಯೇ ನಿಂತು ನೋಡುತ್ತಿದ್ದಾನೆ. ಮಂಚದಿಂದ ಇಲ್ಲಿಯವರೆಗೆ ಆತನನ್ನು ಯಾರೂ ಹಿಡಿದು ಕರೆತರಲಿಲ್ಲ.